ಹೊಸ ಟ್ಯಾಬ್, ಅರ್ಧ ಜಾಗ: ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಟ್ಯಾಬ್ಲೆಟ್‌ನ ಸ್ಟೋರೇಜ್ ಬಗ್ಗೆ ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಮೆನುಗಳ ಹೆಸರು ಕಂಪನಿಯಿಂದ ಕಂಪನಿಗೆ ತುಸು ಬದಲಾಗುತ್ತದೆ. ಇಲ್ಲಿ ಹೇಳಿದ ಹೆಸರು ನಿಮ್ಮ ಟ್ಯಾಬ್‌ನಲ್ಲಿ ಕಾಣದಿದ್ದರೆ ಸೆಟ್ಟಿಂಗ್ಸ್ ತೆರೆದು, ಮೇಲಿರುವ ಹುಡುಕುವ ಜಾಗದಲ್ಲಿ ಆ ಪದವನ್ನು ಟೈಪ್ ಮಾಡಿ.

ಪ್ರಶ್ನೆ: ಮಗಳ ಡಿಗ್ರಿ ಓದಿಗೆ 64 ಜಿಬಿ ಆಂಡ್ರಾಯ್ಡ್ ಟ್ಯಾಬ್ ಕೊಂಡೆವು. ಮೊದಲ ದಿನವೇ 19 ಜಿಬಿ ಭರ್ತಿಯಾಗಿದೆ ಎಂದು ತೋರಿಸಿತು. ಒಂದು ಫೋಟೊ ಕೂಡ ತೆಗೆದಿರಲಿಲ್ಲ. ಕಂಪ್ಯೂಟರಿಗೆ ಜೋಡಿಸಿದರೆ ಒಟ್ಟು ಜಾಗವೇ 50 ಜಿಬಿಗಿಂತ ಕಡಿಮೆ ಕಾಣುತ್ತದೆ. ಬೇರೆಯವರು ಬಳಸಿದ ಟ್ಯಾಬ್ ಕೊಟ್ಟಿದ್ದಾರೆಯೇ?
— ಓದುಗರು, ತುಮಕೂರು

ಉತ್ತರ: ಈ ಅಂಕಿಗಳು ಬಳಸಿದ ಟ್ಯಾಬ್‌ನ ಗುರುತಲ್ಲ. ಪೆಟ್ಟಿಗೆಯ ಮೇಲಿನ 64 ಒಳಗಿನ ಚಿಪ್‌ನ ಅಳತೆ, ನಿಮಗೆ ಉಳಿಯುವ ಜಾಗದ ಅಳತೆಯಲ್ಲ. ನಡುವಿನ ವ್ಯತ್ಯಾಸ ಮೂರು ಕಡೆ ಹೋಗುತ್ತದೆ.

ಮೊದಲನೆಯದು ಬರೀ ಲೆಕ್ಕದ್ದು. ಚಿಪ್ ತಯಾರಕರಿಗೆ ಒಂದು ಜಿಬಿ ಎಂದರೆ 100 ಕೋಟಿ ಬೈಟ್. ವಿಂಡೋಸ್ ಕಂಪ್ಯೂಟರಿಗೆ ಒಂದು ಜಿಬಿ ಎಂದರೆ 1024ನ್ನು ಮೂರು ಸಲ ಗುಣಿಸಿದಷ್ಟು, ಅಂದರೆ 107,37,41,824 ಬೈಟ್. 6,400 ಕೋಟಿ ಬೈಟನ್ನು ಈ ದೊಡ್ಡ ಅಳತೆಯಿಂದ ಭಾಗಿಸಿದರೆ 59.6 ಬರುತ್ತದೆ. 32 ಜಿಬಿಗೆ ಇದು 29.8, 128 ಜಿಬಿಗೆ 119.2. ಇಲ್ಲಿ ಒಂದು ಬೈಟೂ ಕಳೆದುಹೋಗಿಲ್ಲ, ಅಳೆಯುವ ಪಾವು ಬೇರೆ ಅಷ್ಟೆ. ಆಂಡ್ರಾಯ್ಡ್ 8ರಿಂದ ಈಚಿನ ಟ್ಯಾಬ್‌ಗಳು ತಮ್ಮ ಪರದೆಯಲ್ಲಿ 100 ಕೋಟಿಯ ಲೆಕ್ಕವನ್ನೇ ಹಿಡಿಯುತ್ತವೆ. ಅದಕ್ಕೇ ಅದೇ ಜಾಗ ಟ್ಯಾಬ್‌ನಲ್ಲಿ ಒಂದು ಸಂಖ್ಯೆ, ಕಂಪ್ಯೂಟರಿನಲ್ಲಿ ಇನ್ನೊಂದು ಸಂಖ್ಯೆಯಾಗಿ ಕಾಣುತ್ತದೆ.

ಎರಡನೆಯದೇ ದೊಡ್ಡ ಪಾಲು: ಆಂಡ್ರಾಯ್ಡ್ ವ್ಯವಸ್ಥೆ. ಕಂಪನಿಯವರು ಚಿಪ್ಪನ್ನು ಭಾಗಗಳಾಗಿ ಒಡೆದು, ಕೆಲವನ್ನು ಬರೀ ಸಿಸ್ಟಂಗೆಂದೇ ಬೀಗ ಹಾಕಿ ಇಡುತ್ತಾರೆ. ಆ ಭಾಗಕ್ಕೆ ನೀವು ಏನನ್ನೂ ಬರೆಯಲಾಗದು, ಅಲ್ಲಿಂದ ಏನನ್ನೂ ಅಳಿಸಲಾಗದು. ಕಂಪ್ಯೂಟರಿಗೆ ಜೋಡಿಸಿದಾಗ ಕಾಣುವುದು ಉಳಿದ, ನಿಮ್ಮ ಪಾಲಿನ ಭಾಗ ಮಾತ್ರ. ಟ್ಯಾಬ್ ಮಾತ್ರ ತನ್ನ ಪರದೆಯಲ್ಲಿ ಒಟ್ಟು 64 ಎಂದೇ ಬರೆದು, ಲೆಕ್ಕಕ್ಕೆ ಸಿಗದ್ದನ್ನೆಲ್ಲ ‘ಸಿಸ್ಟಂ’ ಎಂಬ ಸಾಲಿಗೆ ಸೇರಿಸಿಬಿಡುತ್ತದೆ. ಈಗಿನ 64 ಜಿಬಿ ಟ್ಯಾಬ್‌ಗಳಲ್ಲಿ ಈ ಸಾಲು ಸಾಮಾನ್ಯವಾಗಿ 12ರಿಂದ 20 ಜಿಬಿ ಇರುತ್ತದೆ. ನಿಮ್ಮ 19 ಜಿಬಿ ಅದರೊಳಗೇ ಇದೆ.

ಮೂರನೆಯದರಲ್ಲಿ ಸ್ವಲ್ಪ ನಿಮ್ಮ ಕೈಗೆ ವಾಪಸ್ ಬರುತ್ತದೆ. ಮೊದಲೇ ತುಂಬಿ ಕಳಿಸಿದ ಆಪ್‌ಗಳ ಮೂಲಪ್ರತಿ ಬೀಗ ಹಾಕಿದ ಭಾಗದಲ್ಲಿರುತ್ತದೆ. ವೈಫೈ ಸಿಕ್ಕ ಕೂಡಲೇ ಪ್ಲೇಸ್ಟೋರ್ ಅವನ್ನು ಅಪ್‌ಡೇಟ್ ಮಾಡುತ್ತದೆ. ಹೊಸ ಪ್ರತಿ ಹಳೆಯದರ ಮೇಲೆ ಕೂರುವುದಿಲ್ಲ, ನಿಮ್ಮ ಭಾಗಕ್ಕೆ ಬಂದು ಕೂರುತ್ತದೆ. ಹಾಗಾಗಿ ಒಂದೇ ಆಪ್ ಎರಡು ಕಡೆ ಜಾಗ ತಿನ್ನುತ್ತದೆ. ಬಳಸದ ಆಪ್ ಒಂದನ್ನು ಹುಡುಕಿ: ಸೆಟ್ಟಿಂಗ್ಸ್, ಆಪ್ಸ್, ಆ ಆಪ್‌ನ ಹೆಸರು, ಬಲ ಮೇಲ್ಮೂಲೆಯ ಮೂರು ಚುಕ್ಕಿ, ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’. ಆಮೇಲೆ ‘ಡಿಸೇಬಲ್’ ಒತ್ತಿ. ಬರೀ ಡಿಸೇಬಲ್ ಒತ್ತಿದಾಗ ಮೂಲಪ್ರತಿಗೆ ಮರಳಬೇಕೇ ಎಂದು ಕೇಳಿದರೆ ಹೌದು ಎನ್ನಿ. ಬಳಸದ ಹತ್ತು ಹನ್ನೆರಡು ಆಪ್‌ಗಳಿಗೆ ಹೀಗೆ ಮಾಡಿದರೆ ಒಂದೆರಡು ಜಿಬಿ ಬಿಡುಗಡೆಯಾಗುವುದುಂಟು. ಪ್ಲೇ ಸರ್ವಿಸಸ್, ವೆಬ್‌ವ್ಯೂ, ಕೀಬೋರ್ಡ್ ಇವನ್ನು ಮಾತ್ರ ಮುಟ್ಟಬೇಡಿ. ಬೇರೆ ಆಪ್‌ಗಳು ಅವುಗಳ ಮೇಲೆ ನಿಂತಿವೆ.

ಇನ್ನೊಂದು ಜಾಗಕಳ್ಳನ ಮೇಲೂ ಕಣ್ಣಿಡಿ. ‘4+4 ಜಿಬಿ ರ‍್ಯಾಮ್’ ಎಂದು ಜಾಹೀರಾತಿನಲ್ಲಿ ಹಾಕುತ್ತಾರಲ್ಲ (ರ‍್ಯಾಮ್ ಎಂದರೆ ಟ್ಯಾಬ್ ಓಡುವಾಗ ಬಳಸುವ ತಾತ್ಕಾಲಿಕ ಮೆಮೊರಿ), ಅದರಲ್ಲಿ ಎರಡನೆಯ 4 ನಿಜವಾದ ರ‍್ಯಾಮ್ ಅಲ್ಲ, ನಿಮ್ಮ ಸ್ಟೋರೇಜಿನಿಂದ ಕಿತ್ತುಕೊಂಡ 4 ಜಿಬಿ. ಸ್ಯಾಮ್‌ಸಂಗ್‌ನಲ್ಲಿ ಇದರ ಹೆಸರು ರ‍್ಯಾಮ್ ಪ್ಲಸ್, ಶವೋಮಿಯಲ್ಲಿ ಮೆಮೊರಿ ಎಕ್ಸ್‌ಟೆನ್ಷನ್. ಪಾಠ ನೋಡಲು, ಪಿಡಿಎಫ್ ಓದಲು ಇದರ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಅದನ್ನು ಆಫ್ ಮಾಡಿ ಅಥವಾ 2 ಜಿಬಿಗೆ ಇಳಿಸಿ, ಟ್ಯಾಬನ್ನು ರೀಸ್ಟಾರ್ಟ್ ಮಾಡಿ. ಆಮೇಲೆ ಸ್ಟೋರೇಜ್ ಪುಟ ನೋಡಿ.

ಫ್ಯಾಕ್ಟರಿ ರೀಸೆಟ್ ಮಾಡಿದರೆ 64ಕ್ಕೆ 64 ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ರೀಸೆಟ್ ನಿಮ್ಮ ಭಾಗವನ್ನು ಮಾತ್ರ ಖಾಲಿ ಮಾಡುತ್ತದೆ.

ಪ್ರಶ್ನೆ: ಪೆಟ್ಟಿಗೆಯಲ್ಲಿ ಒಂದು, ಒಳಗೆ ಇನ್ನೊಂದು ಎಂದರೆ ಅದು ಮೋಸವಲ್ಲವೇ? ಗ್ರಾಹಕರ ವೇದಿಕೆಗೆ ಹೋಗಬಹುದೇ?
— ಓದುಗರು, ಕೋಲಾರ

ಉತ್ತರ: ಈ ಪ್ರಶ್ನೆ ಹೊಸದಲ್ಲ. 2012ರಲ್ಲಿ ಮೈಕ್ರೋಸಾಫ್ಟ್ ಸರ್ಫೇಸ್ ಆರ್‌ಟಿ ಟ್ಯಾಬ್ಲೆಟ್ ತಂದಾಗ 32 ಜಿಬಿಯಲ್ಲಿ ಬಳಕೆಗೆ ಉಳಿದದ್ದು ಸುಮಾರು 16 ಜಿಬಿ. ಕ್ಯಾಲಿಫೋರ್ನಿಯಾದ ವಕೀಲರೊಬ್ಬರು ಅದೇ ವರ್ಷ ಮೊಕದ್ದಮೆ ಹೂಡಿದರು. 2013ರಲ್ಲಿ ಬಂದ ಸರ್ಫೇಸ್ ಪ್ರೊ ಇನ್ನೂ ಕೆಟ್ಟದಾಗಿತ್ತು: 64 ಜಿಬಿಯದ್ದರಲ್ಲಿ 23 ಜಿಬಿ, 128 ಜಿಬಿಯದ್ದರಲ್ಲಿ 83 ಜಿಬಿ ಸಿಗುತ್ತದೆ ಎಂದು ಮಾರಾಟಕ್ಕೆ ಮೊದಲು ಕಂಪನಿಯೇ ಹೇಳಿತ್ತು. ಈ ಎರಡು ಅಂಕಿಗಳನ್ನು ಹೋಲಿಸಿ ನೋಡಿ. ಎರಡರಲ್ಲೂ ಸಿಸ್ಟಂ ತಿಂದದ್ದು ಹೆಚ್ಚುಕಡಿಮೆ 41ರಿಂದ 45 ಜಿಬಿ. ಸಿಸ್ಟಂನ ಪಾಲು ಚಿಪ್ ದೊಡ್ಡದಾದಷ್ಟೂ ಬೆಳೆಯುವುದಿಲ್ಲ. ಚಿಕ್ಕ ಟ್ಯಾಬ್ ಕೊಂಡವರಿಗೇ ಪೆಟ್ಟು ಜೋರಾಗಿ ಬೀಳುವುದು ಇದರಿಂದಲೇ.

ಇಂದು ಬಹುತೇಕ ಪೆಟ್ಟಿಗೆಗಳ ಹಿಂಬದಿಯಲ್ಲಿ, ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರದಲ್ಲಿ, ಬಳಕೆಗೆ ಸಿಗುವ ಜಾಗ ಇದಕ್ಕಿಂತ ಕಡಿಮೆ ಎಂದು ಬರೆದಿರುತ್ತಾರೆ. ಆ ಒಂದು ಸಾಲಿನಿಂದಾಗಿ ದೂರು ನಿಲ್ಲುವುದು ಕಷ್ಟ. ಬಳಕೆಗೆ ಸಿಗುವ ಜಿಬಿಯನ್ನು ಮುಂಬದಿಯಲ್ಲಿ, ಅಷ್ಟೇ ದೊಡ್ಡ ಅಂಕಿಯಲ್ಲಿ ಮುದ್ರಿಸಬೇಕು ಎಂಬುದು ನಮ್ಮ ಅಭಿಪ್ರಾಯ. ಅಕ್ಕಿ ಮೂಟೆಯ ಮೇಲೆ ನಿವ್ವಳ ತೂಕ ಬರೆಯುತ್ತಾರೆ, ಇಲ್ಲೇಕೆ ಬರೆಯಬಾರದು?

ಆದರೆ ನಿಜವಾದ ಮೋಸವೊಂದಿದೆ, ಅದು ಬೇರೆ. ಹೆಸರಿಲ್ಲದ ಅಗ್ಗದ ಟ್ಯಾಬ್‌ಗಳಲ್ಲಿ 16 ಜಿಬಿಯ ಚಿಪ್ ಇಟ್ಟು, ಸೆಟ್ಟಿಂಗ್ಸ್ ಪುಟದಲ್ಲಿ 256 ಎಂದು ಕಾಣುವಂತೆ ತಂತ್ರಾಂಶ ತಿದ್ದಿರುತ್ತಾರೆ. ಮಾಹಿತಿ ತೋರಿಸುವ ಆಪ್‌ಗಳೂ ಆ ತಿದ್ದಿದ ಸಂಖ್ಯೆಯನ್ನೇ ಓದಿ ಹೇಳಬಹುದು. ಕಂಪ್ಯೂಟರಿನಿಂದ ದೊಡ್ಡ ವಿಡಿಯೊಗಳನ್ನು ತುಂಬಿಸಿ, ಆಮೇಲೆ ಮೊದಲಿನದು, ನಡುವಿನದು, ಕೊನೆಯದು ತೆರೆದು ನೋಡುವುದೇ ನಂಬಬಹುದಾದ ಪರೀಕ್ಷೆ. ಅರ್ಧದಲ್ಲೇ ನಿಂತರೆ ಅಥವಾ ತುಂಬಿಸಿದ ವಿಡಿಯೊ ತೆರೆಯದಿದ್ದರೆ ಬಿಲ್ಲು, ಪೆಟ್ಟಿಗೆ, ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಮಾರಿದವರು ಯಾವ ಊರಿನವರಾದರೂ ಸರಿ.

ಪ್ರಶ್ನೆ: ಸರ್ಕಾರಿ ಶಾಲೆಯಲ್ಲಿ ಪಾಠ ತೋರಿಸಲು 32 ಜಿಬಿ ಟ್ಯಾಬ್ ಬಳಸುತ್ತೇನೆ. ನಮ್ಮಲ್ಲಿ ನೆಟ್ ಸರಿಯಾಗಿ ಸಿಗದ್ದರಿಂದ ಎಲ್ಲ ಡೌನ್‌ಲೋಡ್ ಮಾಡಿಯೇ ಒಯ್ಯಬೇಕು. 128 ಜಿಬಿ ಮೆಮೊರಿ ಕಾರ್ಡ್ ಹಾಕಿದೆ. ಕಾರ್ಡ್ ಖಾಲಿ ಇದ್ದರೂ ‘ಸ್ಟೋರೇಜ್ ಫುಲ್’ ಎನ್ನುತ್ತದೆ. ಯಾಕೆ?
— ಶಿಕ್ಷಕಿ, ಬಾಗೇಪಲ್ಲಿ ತಾಲ್ಲೂಕು

ಉತ್ತರ: ಕಾರ್ಡ್ ಹಾಕಿದ ಮಾತ್ರಕ್ಕೆ ಒಳಗಿನ ಜಾಗ ಬೆಳೆಯುವುದಿಲ್ಲ. ಕಾರ್ಡ್ ಬೇರೆಯದೇ ಡಬ್ಬ. ಆಪ್‌ಗಳು ಮತ್ತು ಆಪ್‌ಗಳ ಒಳಗೆ ಮಾಡಿದ ಡೌನ್‌ಲೋಡ್‌ಗಳು ಬಹುತೇಕ ಒಳಗಿನ ಚಿಪ್‌ಗೇ ಹೋಗುತ್ತವೆ. ಕಾರ್ಡಿಗೆ ಹೋಗಬೇಕಾದದ್ದನ್ನು ನೀವೇ ಒಂದೊಂದಾಗಿ ತೋರಿಸಿಕೊಡಬೇಕು.

ಕ್ಯಾಮೆರಾ ಆಪ್ ತೆರೆದು ಅದರ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಲೊಕೇಶನ್’ ಅನ್ನು ಎಸ್‌ಡಿ ಕಾರ್ಡ್‌ಗೆ ಬದಲಿಸಿ. ಯೂಟ್ಯೂಬ್ ಸೆಟ್ಟಿಂಗ್ಸ್‌ನ ಡೌನ್‌ಲೋಡ್ಸ್ ವಿಭಾಗದಲ್ಲಿ ‘ಯೂಸ್ ಎಸ್‌ಡಿ ಕಾರ್ಡ್’ ಆನ್ ಮಾಡಿ. ಅಲ್ಲೇ ಗುಣಮಟ್ಟವನ್ನೂ ನೋಡಿ: ಕರಿಹಲಗೆಯ ಪಾಠಕ್ಕೆ 360ಪಿ ಸಾಕು, 720ಪಿ ಇಟ್ಟರೆ ಅದೇ ಪಾಠ ಎರಡು ಮೂರು ಪಟ್ಟು ಜಾಗ ಹಿಡಿಯುತ್ತದೆ. ಪಠ್ಯಪುಸ್ತಕದ ಪಿಡಿಎಫ್‌ಗಳು ಬ್ರೌಸರಿನಿಂದ ಇಳಿದು ಒಳಗಿನ ‘ಡೌನ್‌ಲೋಡ್’ ಫೋಲ್ಡರಿಗೆ ಬಿದ್ದಿರುತ್ತವೆ. ಫೈಲ್ಸ್ ಆಪ್‌ನಲ್ಲಿ ಅವನ್ನು ಆರಿಸಿ ‘ಮೂವ್ ಟು’ ಒತ್ತಿ, ಕಾರ್ಡ್‌ನಲ್ಲಿ ತರಗತಿವಾರು ಫೋಲ್ಡರ್ ಮಾಡಿ ಅಲ್ಲಿಗೆ ಸಾಗಿಸಿ. ‘ಕಾಪಿ’ ಒತ್ತಿದರೆ ಒಳಗಿನ ಪ್ರತಿ ಹಾಗೇ ಉಳಿಯುತ್ತದೆ, ಜಾಗ ಬಿಡುಗಡೆಯಾಗದು. ಬಹಳ ಜನ ಎಡವುವುದು ಇಲ್ಲೇ.

ಆಪ್‌ಗಳನ್ನೇ ಕಾರ್ಡಿಗೆ ಸಾಗಿಸಬಹುದೇ? ಕೆಲವನ್ನು. ಸೆಟ್ಟಿಂಗ್ಸ್, ಆಪ್ಸ್, ಆಪ್‌ನ ಹೆಸರು, ಸ್ಟೋರೇಜ್, ಅಲ್ಲಿ ‘ಚೇಂಜ್’ ಗುಂಡಿ ಇದ್ದರೆ ಒತ್ತಿ ಎಸ್‌ಡಿ ಕಾರ್ಡ್ ಆರಿಸಿ. ಗುಂಡಿಯೇ ಇಲ್ಲದಿದ್ದರೆ ಆ ಆಪ್ ಮಾಡಿದವರು ಅವಕಾಶ ಕೊಟ್ಟಿಲ್ಲ ಎಂದರ್ಥ. ಸಾಗಿಸಿದರೂ ಒಂದು ಪಾಲು ಒಳಗೇ ಉಳಿಯುತ್ತದೆ. ಕೆಲವೊಮ್ಮೆ ಮುಂದಿನ ಅಪ್‌ಡೇಟ್ ಬಂದಾಗ ಆಪ್ ಮತ್ತೆ ಒಳಕ್ಕೆ ವಾಪಸಾಗಿಬಿಡುತ್ತದೆ.

ಆಂಡ್ರಾಯ್ಡ್ 6ರಲ್ಲಿ, 2015ರಲ್ಲಿ, ಕಾರ್ಡನ್ನು ಒಳಗಿನ ಸ್ಟೋರೇಜಿಗೇ ಸೇರಿಸಿಕೊಳ್ಳುವ ಸೌಲಭ್ಯ ಬಂತು. ಸೆಟ್ಟಿಂಗ್ಸ್‌ನ ಸ್ಟೋರೇಜ್ ಪುಟದಲ್ಲಿ ಕಾರ್ಡಿನ ಹೆಸರು ಒತ್ತಿ, ಮೂರು ಚುಕ್ಕಿಯಲ್ಲಿ ‘ಫಾರ್ಮ್ಯಾಟ್ ಆ್ಯಸ್ ಇಂಟರ್ನಲ್’ ಇದೆಯೇ ನೋಡಿ. ಸ್ಯಾಮ್‌ಸಂಗ್ ಇದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಇದ್ದರೂ ಒತ್ತುವ ಮೊದಲು ಮೂರು ಸಂಗತಿ ತಿಳಿದಿರಲಿ. ಕಾರ್ಡಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಕಾರ್ಡ್ ಆ ಟ್ಯಾಬ್‌ನ ಬೀಗಕ್ಕೆ ಒಳಪಡುತ್ತದೆ, ಬೇರೆ ಟ್ಯಾಬ್ ಅಥವಾ ಕಂಪ್ಯೂಟರ್ ಅದನ್ನು ಓದಲಾರದು. ಟ್ಯಾಬ್ ಕೆಟ್ಟರೆ ಅಥವಾ ರೀಸೆಟ್ ಆದರೆ ಕಾರ್ಡಿನ ಪಾಠಗಳೂ ಹೋದವು. ಒಂದೇ ಕಾರ್ಡನ್ನು ಸಹೋದ್ಯೋಗಿಗಳ ಟ್ಯಾಬ್‌ಗೂ ಹಾಕಿ ತೋರಿಸುವ ಶಾಲೆಗೆ ಇದು ಹೊಂದುವುದಿಲ್ಲ. ನೀವು ಮಾಡಬೇಡಿ.

ಕಾರ್ಡ್ ಕೊಳ್ಳುವಾಗ ಮೇಲಿನ ಗುರುತು ನೋಡಿ. ‘ಎ1’ ಎಂದಿದ್ದರೆ ಅದು ಅಲ್ಲಲ್ಲಿ ಚದುರಿದ ಸಣ್ಣ ತುಣುಕುಗಳನ್ನು ಸೆಕೆಂಡಿಗೆ ಕನಿಷ್ಠ 1,500 ಸಲ ಓದಬೇಕು, 500 ಸಲ ಬರೆಯಬೇಕು. ‘ಎ2’ ಆದರೆ 4,000 ಮತ್ತು 2,000. ಆದರೆ ಎ2ರ ಪೂರ್ಣ ವೇಗ ಅದಕ್ಕೆ ಹೊಂದುವ ಟ್ಯಾಬ್‌ನಲ್ಲಿ ಮಾತ್ರ ಸಿಗುತ್ತದೆ. ಬರೀ ವಿಡಿಯೊ, ಪಿಡಿಎಫ್ ಇಡಲು ಕ್ಲಾಸ್ 10 ಅಥವಾ ಯು1 ಎಂಬ ವೇಗದ ಗುರುತು ಸಾಕು, ಆಪ್ ಇಡುವುದಿದ್ದರೆ ಎ1ಕ್ಕಿಂತ ಕೆಳಗಿಳಿಯಬೇಡಿ. ಟ್ಯಾಬ್ ಗರಿಷ್ಠ ಎಷ್ಟು ಜಿಬಿಯ ಕಾರ್ಡ್ ಒಪ್ಪುತ್ತದೆ ಎಂಬುದನ್ನು ಕೈಪಿಡಿಯಲ್ಲಿ ಮೊದಲೇ ನೋಡಿಕೊಳ್ಳಿ. ತೆಗೆಯುವಾಗ ‘ಇಜೆಕ್ಟ್’ ಅಥವಾ ‘ಅನ್‌ಮೌಂಟ್’ ಒತ್ತಿ ಆಮೇಲೆ ತೆಗೆಯಿರಿ. ಬರೆಯುತ್ತಿರುವಾಗ ಕಿತ್ತರೆ ಕಾರ್ಡಿನ ಫೈಲ್ ಪಟ್ಟಿಯೇ ಹಾಳಾಗುವುದುಂಟು.

ಪ್ರಶ್ನೆ: ಕಾರ್ಡಿನಲ್ಲಿ 20 ಜಿಬಿ ಖಾಲಿ ಇದೆ. 5 ಜಿಬಿಯ ಒಂದು ವಿಡಿಯೊ ಹಾಕಲು ಹೋದರೆ ‘ಫೈಲ್ ದೊಡ್ಡದಾಯಿತು’ ಎನ್ನುತ್ತದೆ.
— ಓದುಗರು, ಗೌರಿಬಿದನೂರು

ಉತ್ತರ: ಕಾರ್ಡ್ ಫ್ಯಾಟ್32 ಎಂಬ, ಫೈಲ್‌ಗಳನ್ನು ಜೋಡಿಸಿಡುವ ಹಳೆಯ ಪದ್ಧತಿಯಲ್ಲಿದೆ. ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. 32 ಜಿಬಿವರೆಗಿನ ಕಾರ್ಡ್‌ಗಳು ಹೀಗೇ ಬರುತ್ತವೆ, ಅದಕ್ಕಿಂತ ದೊಡ್ಡವು ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತವೆ. ಕಾರ್ಡಿನಲ್ಲಿರುವುದನ್ನು ಕಂಪ್ಯೂಟರಿಗೆ ತೆಗೆದಿಟ್ಟು, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ತೀರ ಹಳೆಯ ಟ್ಯಾಬ್ ಎಕ್ಸ್‌ಫ್ಯಾಟ್ ಓದದಿದ್ದರೆ ವಿಡಿಯೊವನ್ನೇ ಎರಡು ತುಂಡು ಮಾಡಬೇಕು.

ಪ್ರಶ್ನೆ: ರೇಷ್ಮೆಗೂಡು ವ್ಯಾಪಾರದ ಗುಂಪುಗಳು ವಾಟ್ಸ್‌ಆಪ್‌ನಲ್ಲಿ ಬಹಳ ಇವೆ. ದಿನಕ್ಕೆ ನೂರಾರು ಫೋಟೊ, ವಿಡಿಯೊ. ಗ್ಯಾಲರಿಯಲ್ಲಿ ಎಲ್ಲ ಅಳಿಸಿದರೂ ಜಾಗ ವಾಪಸ್ ಬರುತ್ತಿಲ್ಲ. ಮತ್ತೆ ಕೆಲವು ವ್ಯಾಪಾರದ ಫೋಟೊ ಬೇಕೇ ಬೇಕು.
— ಓದುಗರು, ಶಿಡ್ಲಘಟ್ಟ

ಉತ್ತರ: ಗ್ಯಾಲರಿಯಲ್ಲಿ ಅಳಿಸಿದ್ದು ನಿಜವಾಗಿ ಅಳಿದಿಲ್ಲ, ಕಸದಬುಟ್ಟಿಗೆ ಹೋಗಿದೆ. ಸ್ಯಾಮ್‌ಸಂಗ್ ಗ್ಯಾಲರಿಯಲ್ಲಿ ಅದು 30 ದಿನ ಅಲ್ಲೇ ಇರುತ್ತದೆ. ಗೂಗಲ್ ಫೋಟೊಸ್‌ನಲ್ಲಿ ಬ್ಯಾಕಪ್ ಆದದ್ದು 60 ದಿನ, ಆಗದ್ದು 30 ದಿನ. ಅಲ್ಲಿಯವರೆಗೂ ಜಾಗ ಹಿಡಿದೇ ಇರುತ್ತದೆ. ಗ್ಯಾಲರಿಯ ಮೆನುವಿನಲ್ಲಿ ‘ಟ್ರ್ಯಾಶ್’ ತೆರೆದು ಖಾಲಿ ಮಾಡಿ. ಫೈಲ್ಸ್ ಆಪ್‌ಗೆ ಬೇರೆಯದೇ ಟ್ರ್ಯಾಶ್ ಇದೆ, ಅದನ್ನೂ ನೋಡಿ.

ಇನ್ನು ವಾಟ್ಸ್‌ಆಪ್. ಗ್ಯಾಲರಿಯಿಂದ ಅಳಿಸುವ ಬದಲು ವಾಟ್ಸ್‌ಆಪ್ ಒಳಗಿನಿಂದಲೇ ಅಳಿಸಿ: ಸೆಟ್ಟಿಂಗ್ಸ್, ಸ್ಟೋರೇಜ್ ಆ್ಯಂಡ್ ಡೇಟಾ, ಮ್ಯಾನೇಜ್ ಸ್ಟೋರೇಜ್. ಮೇಲೆ 5 ಎಂಬಿಗಿಂತ ದೊಡ್ಡವು, ಮತ್ತೆ ಮತ್ತೆ ಫಾರ್ವರ್ಡ್ ಆದವು ಎಂದು ಎರಡು ಗುಂಪು ಕಾಣುತ್ತವೆ. ಶುಭೋದಯ, ಹಬ್ಬದ ಶುಭಾಶಯಗಳ ರಾಶಿ ಹೆಚ್ಚಾಗಿ ಎರಡನೆಯದರಲ್ಲಿ ಸಿಗುತ್ತದೆ. ಅದನ್ನು ಮೊದಲು ತೆಗೆಯಿರಿ. ಕೆಳಗೆ ಯಾವ ಗುಂಪು ಎಷ್ಟು ತಿಂದಿದೆ ಎಂಬ ಪಟ್ಟಿ ಇರುತ್ತದೆ. ಗೂಡಿನ ದರದ ಚೀಟಿ, ತೂಕದ ರಸೀದಿ ಇರುವ ಗುಂಪನ್ನು ಬಿಟ್ಟು ಉಳಿದವನ್ನು ಖಾಲಿ ಮಾಡಬಹುದು. ಬೇಕಾದ ರಸೀದಿಗಳಿಗೆ ಮೊದಲೇ ನಕ್ಷತ್ರದ ಗುರುತು ಒತ್ತಿದ್ದರೆ ಗುಂಪನ್ನು ‘ಕ್ಲಿಯರ್’ ಮಾಡುವಾಗ ಅವನ್ನು ಉಳಿಸಿಕೊಳ್ಳಲು ಆಗುತ್ತದೆ. ‘ಕ್ಲಿಯರ್’ ಒತ್ತಿದಾಗ ನಕ್ಷತ್ರದ ಗುರುತಿನವನ್ನೂ ಅಳಿಸಲೇ ಎಂದು ಕೇಳುವ ಚೌಕದಲ್ಲಿ ಟಿಕ್ ಹೇಗಿದೆ ಎಂದು ಓದಿ ನೋಡಿಯೇ ಮುಂದೆ ಹೋಗಿ.

ಗ್ಯಾಲರಿಗೆ ಕಾಣದ ಇನ್ನೊಂದು ಮೂಲೆಯಿದೆ. ಫೈಲ್ಸ್ ಆಪ್‌ನಲ್ಲಿ ಆಂಡ್ರಾಯ್ಡ್, ಮೀಡಿಯಾ, ವಾಟ್ಸ್‌ಆಪ್ ಹೆಸರಿನ ಫೋಲ್ಡರ್‌ಗಳು, ಮತ್ತೆ ಮೀಡಿಯಾ ಎಂದು ಒಳಕ್ಕೆ ಹೋಗಿ. ಚಿತ್ರ, ವಿಡಿಯೊ ಫೋಲ್ಡರ್‌ಗಳ ಒಳಗೆ ‘ಸೆಂಟ್’ ಎಂಬ ಉಪಫೋಲ್ಡರ್ ಇದೆ. ನೀವು ಕಳಿಸಿದ ಪ್ರತಿಯೊಂದರ ಇನ್ನೊಂದು ಪ್ರತಿ ಅಲ್ಲಿ ಬಿದ್ದಿರುತ್ತದೆ. ಮೂಲ ನಿಮ್ಮ ಕ್ಯಾಮೆರಾದಲ್ಲೇ ಇದ್ದರೆ ಇದನ್ನು ಅಳಿಸಬಹುದು. ಅಲ್ಲೇ ಮೇಲಿನ ‘ಡೇಟಾಬೇಸಸ್’ ಫೋಲ್ಡರಿನಲ್ಲಿ ಚಾಟ್‌ನ ದಿನವಾರು ಬ್ಯಾಕಪ್‌ಗಳಿರುತ್ತವೆ. ಇತ್ತೀಚಿನದನ್ನು ಉಳಿಸಿ, ಹಿಂದಿನ ತಾರೀಖು ಬರೆದಿರುವವನ್ನು ತೆಗೆಯಬಹುದು.

ಇಷ್ಟು ಮಾಡಿ ಬಾಗಿಲು ತೆರೆದೇ ಬಿಟ್ಟರೆ ತಿಂಗಳಲ್ಲಿ ಮತ್ತೆ ಅದೇ ಕಥೆ. ಸ್ಟೋರೇಜ್ ಆ್ಯಂಡ್ ಡೇಟಾ ಪುಟದ ‘ಮೀಡಿಯಾ ಆಟೊ ಡೌನ್‌ಲೋಡ್’ನಲ್ಲಿ ವೈಫೈ, ಮೊಬೈಲ್ ಡೇಟಾ, ರೋಮಿಂಗ್ ಮೂರರಲ್ಲೂ ವಿಡಿಯೊದ ಟಿಕ್ ತೆಗೆಯಿರಿ. ಬೇಕಾದ್ದನ್ನು ಒತ್ತಿ ಇಳಿಸಿಕೊಳ್ಳಿ.

ಗೂಗಲ್ ಫೋಟೊಸ್‌ಗೆ ಕಳಿಸಿ ಟ್ಯಾಬ್‌ನಿಂದ ಅಳಿಸುವ ‘ಫ್ರೀ ಅಪ್ ಸ್ಪೇಸ್’ ದಾರಿಯೂ ಇದೆ. ಆದರೆ ಉಚಿತ 15 ಜಿಬಿಯನ್ನು ಜಿಮೇಲ್, ಡ್ರೈವ್, ಫೋಟೊಸ್ ಮೂರೂ ಹಂಚಿಕೊಳ್ಳುತ್ತವೆ. ವಾಟ್ಸ್‌ಆಪ್ ಬ್ಯಾಕಪ್ ಕೂಡ ಈಗ ಅದೇ ಲೆಕ್ಕಕ್ಕೆ ಸೇರುತ್ತದೆ. ಅದು ತುಂಬಿದರೆ ಹೊಸ ಫೋಟೊ ಬ್ಯಾಕಪ್ ಆಗುವುದೇ ನಿಲ್ಲುತ್ತದೆ. ವ್ಯಾಪಾರದ ದಾಖಲೆಯನ್ನು ಒಂದು ಪೆನ್‌ಡ್ರೈವ್‌ನಲ್ಲೂ ಇಡಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ 1 ಟಿಬಿ ಮೆಮೊರಿ ಕಾರ್ಡ್ 400 ರೂಪಾಯಿಗೆ ಸಿಗುತ್ತಿದೆ. ಟ್ಯಾಬ್‌ಗೆ ಹಾಕಬಹುದೇ?
— ಓದುಗರು, ಕೆಜಿಎಫ್

ಉತ್ತರ: ಬೇಡ. ಆ ಬೆಲೆಗೆ 1 ಟಿಬಿಯ ಅಸಲಿ ಕಾರ್ಡ್ ಬರುವುದಿಲ್ಲ. ಒಳಗೆ 8 ಅಥವಾ 16 ಜಿಬಿ ಚಿಪ್ ಇದ್ದು, ಕಾರ್ಡಿನ ನಿಯಂತ್ರಕವೇ 1 ಟಿಬಿ ಎಂದು ಸುಳ್ಳು ಹೇಳುವಂತೆ ಮಾಡಿರುತ್ತಾರೆ. ಮೊದಲ ಕೆಲವು ಜಿಬಿ ಚೆನ್ನಾಗಿಯೇ ಹೋಗುತ್ತದೆ. ಆಮೇಲೆ ಹೊಸದನ್ನು ಹಳೆಯದರ ಮೇಲೇ ಬರೆಯುತ್ತದೆ ಅಥವಾ ಗಾಳಿಗೆ ಬಿಡುತ್ತದೆ. ಫೈಲಿನ ಹೆಸರು, ಗಾತ್ರ ಎಲ್ಲ ಸರಿಯಾಗೇ ಕಾಣುತ್ತದೆ, ತೆರೆದರೆ ಬೂದು ಚೌಕ. ಮದುವೆಯ ಫೋಟೊಗಳನ್ನು ಹೀಗೆ ಕಳೆದುಕೊಂಡರೆ ಯಾವ ಅಂಗಡಿಯವರೂ ವಾಪಸ್ ತಂದುಕೊಡಲಾರರು, ಏಕೆಂದರೆ ಅವು ಕಾರ್ಡಿನ ಮೇಲೆ ಬರೆದೇ ಇಲ್ಲ.

ಯಾವ ಕಾರ್ಡ್ ಕೊಂಡರೂ ಬಳಸುವ ಮೊದಲು ಪರೀಕ್ಷಿಸಿ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳಿವೆ. ಅವು ಕಾರ್ಡನ್ನು ಪೂರ್ತಿ ತುಂಬಿಸಿ, ತುಂಬಿದ್ದನ್ನು ಮತ್ತೆ ಓದಿ ತಾಳೆ ನೋಡುತ್ತವೆ. ಸೆಕೆಂಡಿಗೆ 20 ಎಂಬಿ ಬರೆಯುವ 128 ಜಿಬಿ ಕಾರ್ಡ್ ತುಂಬಲು ಒಂದೂಮುಕ್ಕಾಲು ಗಂಟೆ ಬೇಕು, ಓದುವ ಸಮಯ ಬೇರೆ. ರಾತ್ರಿ ಹಾಕಿ ಮಲಗಿ. ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಇದನ್ನು ಮಾಡಿ.

ಪ್ರಶ್ನೆ: 32 ಜಿಬಿಯ ವಿಂಡೋಸ್ 10 ಟ್ಯಾಬ್ ಇದೆ. ಅಪ್‌ಡೇಟ್ ಜಾಗವಿಲ್ಲದೆ ನಿಲ್ಲುತ್ತದೆ.
— ಓದುಗರು, ತಿಪಟೂರು

ಉತ್ತರ: 16 ಜಿಬಿಯ ಖಾಲಿ ಪೆನ್‌ಡ್ರೈವ್ ಚುಚ್ಚಿ ಅಪ್‌ಡೇಟ್ ಒತ್ತಿ. ಜಾಗ ಸಾಲದಾಗ ಅದನ್ನು ತಾತ್ಕಾಲಿಕವಾಗಿ ಬಳಸಲೇ ಎಂದು ವಿಂಡೋಸ್ ತಾನೇ ಕೇಳುತ್ತದೆ. ಮುಗಿಯುವವರೆಗೆ ಕೀಳಬೇಡಿ, ಚಾರ್ಜರ್ ಹಾಕಿಯೇ ಇರಲಿ. ಅದಕ್ಕೂ ಮೊದಲು ಡಿಸ್ಕ್ ಕ್ಲೀನಪ್ ತೆರೆದು ‘ಕ್ಲೀನಪ್ ಸಿಸ್ಟಂ ಫೈಲ್ಸ್’ ಒತ್ತಿ, ಹಳೆಯ ವಿಂಡೋಸ್ ಪ್ರತಿ ಇದ್ದರೆ ತೆಗೆಯಿರಿ. ಆದರೆ ಇದಕ್ಕೆ ಹೆಚ್ಚು ಶ್ರಮ ಹಾಕಬೇಡಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಕನಿಷ್ಠ 64 ಜಿಬಿ ಕೇಳುತ್ತದೆ. ಬ್ಯಾಂಕ್ ವ್ಯವಹಾರಕ್ಕೆ ಈ ಟ್ಯಾಬ್ ಬಳಸುವುದನ್ನು ಬಿಡಿ.

ಪ್ರಶ್ನೆ: ಜಾಗ ಶುಚಿ ಮಾಡುವ ಕ್ಲೀನರ್ ಆಪ್ ಯಾವುದು ಒಳ್ಳೆಯದು?
— ಓದುಗರು, ಮಾಲೂರು

ಉತ್ತರ: ಯಾವುದೂ ಬೇಡ. ಅವು ಅಳಿಸುವುದು ಹೆಚ್ಚಾಗಿ ಕ್ಯಾಶೆಯನ್ನು (ಆಪ್ ತಾತ್ಕಾಲಿಕವಾಗಿ ಕೂಡಿಟ್ಟ ಫೈಲ್‌ಗಳನ್ನು), ಆಪ್ ತೆರೆದ ಕೂಡಲೇ ಅದು ಮತ್ತೆ ತುಂಬುತ್ತದೆ. ಪ್ಲೇಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ‘ಆಟೊಮ್ಯಾಟಿಕಲಿ ಆರ್ಕೈವ್ ಆಪ್ಸ್’ ಆನ್ ಮಾಡಿ. 2023ರಲ್ಲಿ ಬಂದ ಸೌಲಭ್ಯವಿದು: ಬಳಸದ ಆಪ್‌ನ ಬಹುಪಾಲು ತೆಗೆದು, ನಿಮ್ಮ ದತ್ತಾಂಶ ಮತ್ತು ಐಕಾನ್ ಉಳಿಸುತ್ತದೆ.

ಪ್ರಶ್ನೆ: ಐಪ್ಯಾಡ್‌ಗೆ ಕಾರ್ಡ್ ಹಾಕುವ ಕಿಂಡಿಯೇ ಇಲ್ಲ. 64 ಜಿಬಿ ತುಂಬಿದೆ. ಬೇರೆ ದಾರಿ?
— ವೈದ್ಯಕೀಯ ವಿದ್ಯಾರ್ಥಿನಿ, ತುಮಕೂರು

ಉತ್ತರ: ಸೆಟ್ಟಿಂಗ್ಸ್, ಜನರಲ್, ಐಪ್ಯಾಡ್ ಸ್ಟೋರೇಜ್ ತೆರೆಯಿರಿ. ‘ಆಫ್‌ಲೋಡ್’ ಆಯ್ಕೆ ಆಪನ್ನು ತೆಗೆದು ಅದರೊಳಗಿನ ನಿಮ್ಮ ಟಿಪ್ಪಣಿಗಳನ್ನು ಉಳಿಸುತ್ತದೆ, ‘ಡಿಲೀಟ್’ ಎರಡನ್ನೂ ಅಳಿಸುತ್ತದೆ. ಗುಂಡಿಗಳು ಪಕ್ಕಪಕ್ಕದಲ್ಲೇ ಇವೆ, ಜೋಪಾನ. 2019ರ ಐಪ್ಯಾಡ್‌ಓಎಸ್ 13ರಿಂದ ಪೆನ್‌ಡ್ರೈವನ್ನು ಫೈಲ್ಸ್ ಆಪ್ ನೇರವಾಗಿ ಓದುತ್ತದೆ. ಪುಸ್ತಕದ ಪಿಡಿಎಫ್‌ಗಳನ್ನು ಅದರಲ್ಲಿಟ್ಟು, ಈ ತಿಂಗಳು ಓದುವುದನ್ನಷ್ಟೇ ಒಳಗಿಡಿ.

ಪ್ರಶ್ನೆ: ಮಗ ಪಿಯುಸಿ, ಜೊತೆಗೆ ನೀಟ್ ತಯಾರಿ. 64 ಮತ್ತು 128 ಜಿಬಿ ನಡುವೆ ಯಾವುದು ಕೊಳ್ಳಲಿ?
— ಓದುಗರು, ಚಿಂತಾಮಣಿ

ಉತ್ತರ: 128, ಕಾರ್ಡ್ ಕಿಂಡಿ ಇದ್ದರೂ 128ನ್ನೇ. ಲೆಕ್ಕ ಹೀಗಿದೆ. ಸಿಸ್ಟಂಗೆ 18 ಜಿಬಿ ತೆಗೆಯಿರಿ. ಮುಂದಿನ ಎರಡು ಮೂರು ವರ್ಷದ ಅಪ್‌ಡೇಟ್‌ಗಳಿಗೂ ಆಪ್‌ಗಳು ಊದಿಕೊಳ್ಳುವುದಕ್ಕೂ 10 ಜಿಬಿ. ಚಿಪ್‌ನ ಹತ್ತನೇ ಒಂದು ಪಾಲು ಯಾವಾಗಲೂ ಖಾಲಿ ಇರಬೇಕು: ಫ್ಲ್ಯಾಶ್ ಮೆಮೊರಿ ಹೊಸದನ್ನು ಬರೆಯುವ ಮೊದಲು ಇಡೀ ಬ್ಲಾಕ್ ಅಳಿಸಿಕೊಳ್ಳಬೇಕು, ಖಾಲಿ ಬ್ಲಾಕ್ ಸಿಗದಿದ್ದರೆ ಹಳೆಯದನ್ನು ಆಚೀಚೆ ಸರಿಸುತ್ತ ಟ್ಯಾಬ್ ನಿಂತು ನಿಂತು ಓಡುತ್ತದೆ. ಆಂಡ್ರಾಯ್ಡ್ 11ರಿಂದ ಈಚಿನ ಬಹಳಷ್ಟು ಟ್ಯಾಬ್‌ಗಳು ಸಿಸ್ಟಂ ಅಪ್‌ಡೇಟ್ ಮಾಡುವಾಗಲೂ ನಿಮ್ಮ ಭಾಗದ ಖಾಲಿ ಜಾಗವನ್ನೇ ಎರವಲು ಪಡೆಯುತ್ತವೆ. ಹೀಗೆ ಕಳೆದರೆ 64ರಲ್ಲಿ ಉಳಿಯುವುದು ಸುಮಾರು 30 ಜಿಬಿ, 128ರಲ್ಲಿ 87. ಬೆಲೆ ದುಪ್ಪಟ್ಟಾಗದೆ ಜಾಗ ಸುಮಾರು ಮೂರು ಪಟ್ಟಾಗುತ್ತದೆ.

ಕೋಚಿಂಗ್ ಆಪ್‌ಗಳ ಪಾಠಗಳು ಬೀಗ ಹಾಕಿದ ರೂಪದಲ್ಲಿ ಆ ಆಪ್‌ನ ಸ್ವಂತ ಜಾಗಕ್ಕೇ ಇಳಿಯುತ್ತವೆ, ಬಹಳಷ್ಟು ಆಪ್‌ಗಳು ಅವನ್ನು ಕಾರ್ಡಿಗೆ ಇಳಿಸಲು ಬಿಡುವುದೇ ಇಲ್ಲ. ಕೊಳ್ಳುವ ಮೊದಲು ಮಗ ಸೇರುವ ಕೋಚಿಂಗ್‌ನವರನ್ನು ಇದೊಂದು ಕೇಳಿ: ಡೌನ್‌ಲೋಡ್ ಕಾರ್ಡಿಗೆ ಹೋಗುತ್ತದೆಯೇ, ಇಲ್ಲವೇ? ಇಲ್ಲ ಎಂದರೆ, ಮನೆಯಲ್ಲಿ ನೆಟ್ ಕೂಡ ಕೈಕೊಡುತ್ತಿದ್ದರೆ, 256 ಜಿಬಿಯ ಬೆಲೆಯನ್ನೂ ವಿಚಾರಿಸಿ. ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಟ್ಯಾಬ್‌ನ ಸೆಟ್ಟಿಂಗ್ಸ್ ತೆರೆದು, ಸ್ಟೋರೇಜ್ ಪುಟದಲ್ಲಿ ಸಿಸ್ಟಂ ಎಷ್ಟು ಹಿಡಿದಿದೆ ಎಂದು ನೀವೇ ಓದಿಕೊಂಡು, ಆಮೇಲೆ ಬಿಲ್ ಮಾಡಿಸಿ.